ಒಂದು ಸಂಗ್ರಹ, ನಾಲ್ಕು ಸರ್ವರ್: ಮನೆಯಲ್ಲಿ ಕಚೇರಿ ಸಂಗೀತ ಕೇಳಲು ನಾನು ಪರೀಕ್ಷಿಸಿದ ವ್ಯವಸ್ಥೆಗಳು

ನಮ್ಮ ಮನೆಯಲ್ಲಿ 310 ಸಿ.ಡಿ.ಗಳೂ 140 ಕ್ಯಾಸೆಟ್‌ಗಳೂ ಇವೆ. ಹೆಚ್ಚಿನವು ಕರ್ನಾಟಕ ಸಂಗೀತದ ಕಚೇರಿಗಳು. ಉಳಿದವು ಧಾರವಾಡ, ಹುಬ್ಬಳ್ಳಿ ಕಡೆಯ ಹಿಂದೂಸ್ತಾನಿ ಗಾಯಕರ ಧ್ವನಿಮುದ್ರಿಕೆಗಳು, ಸ್ವಲ್ಪ ಭಾವಗೀತೆ. ಕ್ಯಾಸೆಟ್‌ಗಳಲ್ಲಿ ಅರ್ಧದಷ್ಟು ನನ್ನ ತಂದೆಯವರು ಆಕಾಶವಾಣಿಯ ಪ್ರಸಾರದಿಂದ ಮುದ್ರಿಸಿಕೊಂಡವು, ಅವುಗಳಿಗೆ ಬೇರೆಲ್ಲೂ ಪ್ರತಿ ಇಲ್ಲ. ಇವೆಲ್ಲವನ್ನೂ ಫ್ಲ್ಯಾಕ್ ಕಡತಗಳಾಗಿ ಪರಿವರ್ತಿಸಿದ ಮೇಲೆ ಒಟ್ಟು ಗಾತ್ರ ಸುಮಾರು 150 ಜಿ.ಬಿ. ಆಯಿತು. ಸಿ.ಡಿ.ಯ ಒಂದು ಗಂಟೆಯ ಸಂಗೀತ ಮೂಲರೂಪದಲ್ಲಿ ಸುಮಾರು 635 ಎಂ.ಬಿ. ಹಿಡಿಯುತ್ತದೆ; ಫ್ಲ್ಯಾಕ್ ಅದನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿಯೂ ಒಂದು ಬಿಟ್ಟನ್ನೂ ಕಳೆಯುವುದಿಲ್ಲ.

ಈ ಸಂಗ್ರಹವನ್ನು ಹಜಾರದ ಆಂಪ್ಲಿಫೈಯರ್, ಅಡುಗೆಮನೆಯ ಚಿಕ್ಕ ಸ್ಪೀಕರ್, ಅಮ್ಮನ ಕೋಣೆಯ ಟಿ.ವಿ. ಮತ್ತು ಎರಡು ಫೋನ್‌ಗಳಲ್ಲಿ ಕೇಳುವಂತಾಗಬೇಕಿತ್ತು. ಅದಕ್ಕಾಗಿ ಒಂದು ವರ್ಷದ ಅವಧಿಯಲ್ಲಿ ಡಿಎಲ್‌ಎನ್‌ಎ, ಜೆಲ್ಲಿಫಿನ್, ನ್ಯಾವಿಡ್ರೋಮ್, ಲಿರಿಯನ್ ಎಂಬ ನಾಲ್ಕು ಸರ್ವರ್ ವ್ಯವಸ್ಥೆಗಳನ್ನು (ಒಂದು ಕಡೆ ಇಟ್ಟ ಸಂಗೀತವನ್ನು ಮನೆಯ ಇತರ ಉಪಕರಣಗಳಿಗೆ ತಲುಪಿಸುವಂಥವು) ಒಂದೇ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನ ಮೇಲೆ, ಒಂದೇ ಡಿಸ್ಕಿನ ಒಂದೇ ಫೋಲ್ಡರನ್ನು ತೋರಿಸಿ ಓಡಿಸಿದೆ. ಡಿಸ್ಕ್ ಸೇರಿ ಈ ಯಂತ್ರ ಆರೇಳು ವಾಟ್ ಎಳೆಯುತ್ತದೆ, ಅಂದರೆ ಹಗಲೂ ರಾತ್ರಿ ಓಡಿದರೂ ತಿಂಗಳಿಗೆ ಸುಮಾರು 5 ಯೂನಿಟ್ ವಿದ್ಯುತ್ತು.

ಪರೀಕ್ಷೆಗೆ ನಾನು ಆರಿಸಿಕೊಂಡದ್ದು ಒಂದು ರಾಗ-ತಾನ-ಪಲ್ಲವಿ. ಸಿ.ಡಿ.ಯಲ್ಲಿ ಅದು ಆಲಾಪನೆ, ತಾನ, ಪಲ್ಲವಿ, ತನಿ ಆವರ್ತನ (ಮೃದಂಗದ ಸ್ವತಂತ್ರ ವಾದನ) ಎಂದು ನಾಲ್ಕು ಟ್ರ್ಯಾಕ್‌ಗಳಾಗಿ ಒಡೆದಿದೆಯಾದರೂ ತಂಬೂರಿ ಮಾತ್ರ ಆದಿಯಿಂದ ಅಂತ್ಯದವರೆಗೆ ನಿಲ್ಲುವುದಿಲ್ಲ. ಸಿನಿಮಾ ಹಾಡುಗಳ ನಡುವೆ ಅರ್ಧ ಸೆಕೆಂಡಿನ ಮೌನ ಬಂದರೆ ಯಾರೂ ಗಮನಿಸುವುದಿಲ್ಲ. ಇಲ್ಲಿ ಶ್ರುತಿಯೇ ತುಂಡಾಗುತ್ತದೆ, ತಾನದ ಕೊನೆಯ ಸ್ವರವನ್ನು ಪಲ್ಲವಿಯ ಎಡುಪಿನವರೆಗೆ (ತಾಳದಲ್ಲಿ ಸಾಹಿತ್ಯ ಆರಂಭವಾಗುವ ಜಾಗದವರೆಗೆ) ಹಿಂಬಾಲಿಸುತ್ತಿದ್ದ ಮನಸ್ಸು ಎಡವುತ್ತದೆ. ಆದ್ದರಿಂದ ಟ್ರ್ಯಾಕ್‌ಗಳ ನಡುವೆ ಬಿರುಕು ಬಿಡದಿರುವುದು ನನಗೆ ಮೊದಲ ಅಗತ್ಯವಾಗಿತ್ತು. ಕಲಾವಿದರ ಹೆಸರನ್ನು ವ್ಯವಸ್ಥೆ ಹೇಗೆ ನಿಭಾಯಿಸುತ್ತದೆ ಎಂಬುದು ಎರಡನೆಯದು.

ಡಿಎಲ್‌ಎನ್‌ಎ ಈ ನಾಲ್ಕರಲ್ಲಿ ಅತ್ಯಂತ ಸರಳವಾದುದು; ಬೇರೆ ಬೇರೆ ತಯಾರಕರ ಉಪಕರಣಗಳು ಸಂಗೀತ, ವಿಡಿಯೋಗಳನ್ನು ಹಂಚಿಕೊಳ್ಳಲು ಇರುವ ಮಾನಕ ಅದು. ಮಿನಿಡಿಎಲ್‌ಎನ್‌ಎ ತಂತ್ರಾಂಶವನ್ನು ಹತ್ತು ನಿಮಿಷದಲ್ಲಿ ಸಿದ್ಧಪಡಿಸಿದೆ, ಟಿ.ವಿ.ಯಲ್ಲಿ ಬೇರೇನನ್ನೂ ಅಳವಡಿಸದೆಯೇ ಸಂಗ್ರಹ ಕಾಣಿಸಿಕೊಂಡಿತು. ಆದರೆ ಮುಂದಿನ ಟ್ರ್ಯಾಕನ್ನು ಮೊದಲೇ ಸಿದ್ಧವಾಗಿಟ್ಟುಕೊಳ್ಳುವ ಸೌಲಭ್ಯ ಈ ಮಾನಕದಲ್ಲಿ ಐಚ್ಛಿಕ, ಅದನ್ನು ಅಳವಡಿಸುವುದೂ ಬಿಡುವುದೂ ನುಡಿಸುವ ಉಪಕರಣದ ತಯಾರಕರಿಗೆ ಬಿಟ್ಟದ್ದು. ನಮ್ಮ ಟಿ.ವಿ.ಯಲ್ಲಿ ಆಲಾಪನೆಗೂ ತಾನಕ್ಕೂ ನಡುವೆ ಎರಡು ಸೆಕೆಂಡುಗಳ ಮೌನ ಬರುತ್ತಿತ್ತು, ಜೊತೆಗೆ ಕನ್ನಡದ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣುತ್ತಿದ್ದವು. ಒಂದೇ ವಾರದಲ್ಲಿ ಅದನ್ನು ಕೈಬಿಟ್ಟೆ.

ಜೆಲ್ಲಿಫಿನ್ 2018ರ ಡಿಸೆಂಬರಿನಲ್ಲಿ ಎಂಬಿ (Emby) ಎಂಬ ತಂತ್ರಾಂಶದಿಂದ ಕವಲೊಡೆದ ಮುಕ್ತ ಯೋಜನೆ. ಸಿನಿಮಾ, ಧಾರಾವಾಹಿ, ಕುಟುಂಬದ ವಿಡಿಯೋಗಳನ್ನೂ ಒಂದೇ ಕಡೆ ಇಟ್ಟುಕೊಳ್ಳಬಯಸುವವರಿಗೆ ನಾನು ಇದನ್ನು ಮನಃಪೂರ್ವಕವಾಗಿ ಸೂಚಿಸುತ್ತೇನೆ. ಫಿನ್ಯಾಂಪ್ ಎಂಬ ಆ್ಯಪ್ ಮೂಲಕ ಫೋನಿನಲ್ಲಿ ಸಂಗೀತವನ್ನು ಇಳಿಸಿಟ್ಟುಕೊಂಡು ಪ್ರಯಾಣದಲ್ಲಿಯೂ ಕೇಳಬಹುದು. ಆದರೆ ಅದರ ವಿನ್ಯಾಸದ ಕೇಂದ್ರದಲ್ಲಿರುವುದು ವಿಡಿಯೋ. ಸಂಗೀತ ಮಾತ್ರ ಇರುವ ನಮ್ಮ ಮನೆಗೆ ಅಷ್ಟು ದೊಡ್ಡ ಯಂತ್ರಾಂಗ ಬೇಕಿರಲಿಲ್ಲ. ಸುಮ್ಮನಿದ್ದಾಗಲೂ ಅದು ಕೆಲವು ನೂರು ಎಂ.ಬಿ. ಮೆಮೊರಿಯನ್ನು ಹಿಡಿದಿರುತ್ತಿತ್ತು.

ನ್ಯಾವಿಡ್ರೋಮ್ ಇದಕ್ಕೆ ವಿರುದ್ಧ ದಿಕ್ಕಿನದು. ಅದು ಸಂಗೀತವನ್ನು ಬಿಟ್ಟು ಬೇರೇನನ್ನೂ ಮಾಡುವುದಿಲ್ಲ, ನಮ್ಮ ಪೈಯಲ್ಲಿ ನೂರು ಎಂ.ಬಿ.ಯೊಳಗೇ ಓಡುತ್ತದೆ, ಸಂಗೀತದ ಫೋಲ್ಡರನ್ನು ಓದುತ್ತದೆಯೇ ಹೊರತು ಅದರೊಳಗೆ ಏನನ್ನೂ ಬರೆಯುವುದಿಲ್ಲ. ತಂದೆಯವರ ಧ್ವನಿಮುದ್ರಣಗಳಿರುವ ಡಿಸ್ಕಿನ ವಿಷಯದಲ್ಲಿ ಈ ಕೊನೆಯ ಗುಣ ನನಗೆ ಬಹಳ ದೊಡ್ಡದಾಗಿ ಕಂಡಿತು. ಸಬ್‌ಸಾನಿಕ್ ಎಂಬ ಹಳೆಯ ಸರ್ವರಿನ ಸಂವಹನ ವಿಧಾನವನ್ನೇ ಇದು ಬಳಸುವುದರಿಂದ ಆ ವಿಧಾನ ಬಲ್ಲ ಯಾವ ಆ್ಯಪನ್ನಾದರೂ ಫೋನಿನಲ್ಲಿ ಇಟ್ಟುಕೊಳ್ಳಬಹುದು. ನಾನು ಸಿಂಫೋನಿಯಂ ಬಳಸುತ್ತೇನೆ, ಅದರಲ್ಲಿ ಪಲ್ಲವಿ ಬಿರುಕಿಲ್ಲದೆ ಬಂದಿತು. ಬ್ರೌಸರಿನ ಮೂಲಕ ಕೇಳಿದಾಗ ಮಾತ್ರ ಕೂದಲೆಳೆಯಷ್ಟು ತಡೆ ಕಿವಿಗೆ ಬಿತ್ತು. ಊರಿಗೆ ಹೋದಾಗ ಮೊಬೈಲ್ ಸಂಪರ್ಕ ಮಂದವಾಗಿದ್ದರೆ ಫ್ಲ್ಯಾಕನ್ನು ಆಗಿಂದಾಗಲೇ ಓಪಸ್ ಎಂಬ ಚಿಕ್ಕ ಗಾತ್ರದ ರೂಪಕ್ಕೆ ಇಳಿಸಿ ಕಳುಹಿಸುವಂತೆಯೂ ಹೊಂದಿಸಿದ್ದೇನೆ.

ನ್ಯಾವಿಡ್ರೋಮ್ ಕಡತಗಳೊಳಗೆ ಗಾಯಕರು, ಆಲ್ಬಮ್ ಮುಂತಾದ ವಿವರಗಳನ್ನು ಬರೆದಿಡುವ ಟ್ಯಾಗ್‌ಗಳನ್ನೇ ನಂಬುವುದರಿಂದ ನನ್ನ ಟ್ಯಾಗ್‌ಗಳ ಅವ್ಯವಸ್ಥೆ ಮೊದಲ ದಿನವೇ ಬಯಲಾಯಿತು. ಭೀಮಸೇನ ಜೋಶಿ, ಭೀಮಸೇನ್ ಜೋಶಿ, ಭೀಮಸೇನ ಜೋಷಿ ಎಂದು ಮೂವರು ಗಾಯಕರು ಪಟ್ಟಿಯಲ್ಲಿ ನಿಂತಿದ್ದರು. ಅದನ್ನಾದರೂ ಕಣ್ಣಿನಿಂದ ಗುರುತಿಸಬಹುದು. ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆಯ ಮುದ್ರಿಕೆಗಳು ಮಾತ್ರ, ಅಕ್ಷರಕ್ಕೆ ಅಕ್ಷರ ಒಂದೇ ಆಗಿ ಕಾಣುವ ಎರಡು ಹೆಸರುಗಳ ಕೆಳಗೆ ಏಕೆ ಹಂಚಿಹೋಗಿವೆ ಎಂದು ತಿಳಿಯಲು ನನಗೆ ಒಂದು ಸಂಜೆ ಬೇಕಾಯಿತು. ಅರ್ಧಾಕ್ಷರದಲ್ಲಿ ಮುಗಿಯುವ ಪದದ ಕೊನೆಗೆ ಕೆಲವು ಕೀಲಿಮಣೆಗಳು ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಸಂಕೇತವನ್ನು ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ನಮಗೆ ಒಂದೇ ಆದ ಆ ಎರಡು ಹೆಸರುಗಳು ಕಂಪ್ಯೂಟರಿಗೆ ಬೇರೆ ಬೇರೆ. ಕನ್ನಡದಲ್ಲಿ ಟ್ಯಾಗ್ ಬರೆಯುವವರೆಲ್ಲರೂ ಇದನ್ನು ಮೊದಲೇ ತಿಳಿದಿರಲಿ ಎಂದು ಬಯಸುತ್ತೇನೆ. ನಾನು ಎಂಪಿ3ಟ್ಯಾಗ್ ತಂತ್ರಾಂಶದಲ್ಲಿ ಆ ಸಂಕೇತವನ್ನು ಪದದ ಕೊನೆಯಲ್ಲಿ ಇರುವಲ್ಲೆಲ್ಲ ಒಟ್ಟಿಗೆ ತೆಗೆದುಹಾಕಿದೆ.

ಹೆಸರುಗಳನ್ನು ಕನ್ನಡದಲ್ಲಿಟ್ಟರೆ ಫೋನಿನಲ್ಲಿ ರೋಮನ್ ಲಿಪಿಯಲ್ಲಿ ಟೈಪಿಸುವ ಮಗಳಿಗೆ ಏನೂ ಸಿಗುವುದಿಲ್ಲವಲ್ಲ ಎಂಬ ಚಿಂತೆಯೂ ಇತ್ತು. ವಿಂಗಡಣೆಗೆಂದೇ ಇರುವ ಪ್ರತ್ಯೇಕ ಟ್ಯಾಗಿನಲ್ಲಿ ರೋಮನ್ ರೂಪವನ್ನು ಬರೆದಿಟ್ಟೆ. ನ್ಯಾವಿಡ್ರೋಮ್ ಹುಡುಕುವಾಗ ಆ ಟ್ಯಾಗನ್ನೂ ನೋಡುತ್ತದೆ. ಈಗ ಆಕೆ ಯಾವ ಲಿಪಿಯಲ್ಲಿ ಕೇಳಿದರೂ ಗಾಯಕರ ಹೆಸರು ಕನ್ನಡದಲ್ಲಿ ತೆರೆದುಕೊಳ್ಳುತ್ತದೆ.

ನಾಲ್ಕನೆಯ ಲಿರಿಯನ್ ಮ್ಯೂಸಿಕ್ ಸರ್ವರ್ ಹೆಸರಿನಲ್ಲಿ ಹೊಸದು, ವಯಸ್ಸಿನಲ್ಲಿ ಎಲ್ಲಕ್ಕಿಂತ ಹಿರಿಯದು. ಸ್ಲಿಮ್ ಡಿವೈಸಸ್ ಎಂಬ ಸಂಸ್ಥೆ ತನ್ನ ಸಂಗೀತ ಪೆಟ್ಟಿಗೆಗಳಿಗಾಗಿ ಬರೆದ ಈ ತಂತ್ರಾಂಶ, ಆ ಸಂಸ್ಥೆ 2006ರಲ್ಲಿ ಲಾಜಿಟೆಕ್ ಕೈಸೇರಿ, 2012ರಲ್ಲಿ ಸ್ಕ್ವೀಜ್‌ಬಾಕ್ಸ್ ಪೆಟ್ಟಿಗೆಗಳ ತಯಾರಿಕೆಯೇ ನಿಂತ ಮೇಲೂ ಅಭಿಮಾನಿಗಳ ಕೈಯಲ್ಲಿ ಬದುಕಿ, 2024ರಲ್ಲಿ ಲಿರಿಯನ್ ಎಂಬ ಹೆಸರು ಪಡೆಯಿತು. ಮೂಲ ಪೆಟ್ಟಿಗೆ ಈಗ ಬೇಕಾಗಿಲ್ಲ. ಹಳೆಯ ಪೈ ಒಂದಕ್ಕೆ ಪೈಕೋರ್‌ಪ್ಲೇಯರ್ ಎಂಬ, ಪೈಯನ್ನೇ ಅಂಥ ಪೆಟ್ಟಿಗೆಯಾಗಿಸುವ ತಂತ್ರಾಂಶ ಹಾಕಿ ಆಂಪ್ಲಿಫೈಯರಿಗೆ ಜೋಡಿಸಿದೆ, ಅಡುಗೆಮನೆಯ ಸ್ಪೀಕರಿಗೆ ಇನ್ನೊಂದನ್ನು. ರಾಗ-ತಾನ-ಪಲ್ಲವಿ ಎರಡೂ ಕಡೆ ಒಂದೇ ಕ್ಷಣದಲ್ಲಿ ಆರಂಭವಾಗಿ ಕೊನೆಯವರೆಗೆ ಒಂದೇ ಎಳೆಯಾಗಿ ಹರಿಯಿತು. ಹಜಾರದಿಂದ ಅಡುಗೆಮನೆಗೆ ನಡೆದು ಹೋದರೂ ತನಿ ಆವರ್ತನದಲ್ಲಿ ಹಾಕುತ್ತಿದ್ದ ತಾಳ ತಪ್ಪಲಿಲ್ಲ. ಉಳಿದ ಮೂರರಲ್ಲಿ ನಮ್ಮ ಮನೆಯ ಸಲಕರಣೆಗಳಿಂದ ಇದು ಸಾಧ್ಯವಾಗಿರಲಿಲ್ಲ.

ಲಿರಿಯನ್ ದುರ್ಬಲವಾಗಿರುವುದು ಮನೆಯ ಹೊರಗೆ. ಅದರ ಇಡೀ ಕಲ್ಪನೆ ಕೋಣೆಗಳಲ್ಲಿ ನೆಲೆನಿಂತ ಉಪಕರಣಗಳ ಸುತ್ತ ಬೆಳೆದಿದೆ, ಫೋನಿಗೆ ಸಂಗೀತವನ್ನು ಇಳಿಸಿಕೊಂಡು ಬಸ್ಸಿನಲ್ಲಿ ಕೇಳಬೇಕೆಂದರೆ ಅದು ಒಗ್ಗುವುದಿಲ್ಲ.

ಧ್ವನಿಮಟ್ಟದ ಬಗ್ಗೆಯೂ ಒಂದು ಮಾತು ಹೇಳಬೇಕು. ರೇಡಿಯೋದಿಂದ ಬಂದ ಕ್ಯಾಸೆಟ್‌ಗಳ ಧ್ವನಿ ಮೆಲುವಾಗಿಯೂ ಹೊಸ ಸಿ.ಡಿ.ಗಳ ಧ್ವನಿ ಜೋರಾಗಿಯೂ ಇರುತ್ತದೆ. ರೀಪ್ಲೇಗೇನ್ ಎಂಬ ಟ್ಯಾಗ್ ಕಡತದ ಧ್ವನಿಯನ್ನು ಮುಟ್ಟದೆ, ನುಡಿಸುವಾಗ ಎಷ್ಟು ಏರಿಳಿಸಬೇಕೆಂದು ಮಾತ್ರ ಹೇಳುತ್ತದೆ. ನ್ಯಾವಿಡ್ರೋಮ್ ಅದನ್ನು ಆ್ಯಪಿಗೆ ತಲುಪಿಸುತ್ತದೆ, ಲಿರಿಯನ್ ತಾನೇ ಪಾಲಿಸುತ್ತದೆ. ಕಚೇರಿ ಸಂಗೀತಕ್ಕೆ ಇದನ್ನು ಟ್ರ್ಯಾಕಿನ ಲೆಕ್ಕದಲ್ಲಿ ಎಂದಿಗೂ ಹಾಕಬಾರದು, ಆಲ್ಬಮ್ಮಿನ ಲೆಕ್ಕದಲ್ಲಿ ಹಾಕಬೇಕು. ಇಲ್ಲವಾದರೆ ಮಂದ್ರದಲ್ಲಿ ಮೃದುವಾಗಿ ಆರಂಭವಾಗುವ ಆಲಾಪನೆಯನ್ನು ಅದು ಮೃದಂಗದ ತನಿಯ ಮಟ್ಟಕ್ಕೆ ಎತ್ತಿಬಿಡುತ್ತದೆ, ಕಲಾವಿದರು ಕಟ್ಟಿದ ಏರಿಳಿತ ಹಾಳಾಗುತ್ತದೆ.

ಕೊನೆಗೆ ನಮ್ಮ ಮನೆಯಲ್ಲಿ ಎರಡು ಸರ್ವರ್‌ಗಳು ಉಳಿದವು: ಕೋಣೆಗಳಿಗೆ ಲಿರಿಯನ್, ಫೋನ್‌ಗಳಿಗೆ ನ್ಯಾವಿಡ್ರೋಮ್. ಎರಡೂ ಒಂದೇ ಪೈಯಲ್ಲಿ ಒಂದೇ ಫೋಲ್ಡರನ್ನು ಓದುತ್ತವೆ, ಒಂದಕ್ಕೊಂದು ಅಡ್ಡಬರುವುದಿಲ್ಲ. ಒಂದನ್ನೇ ಇಟ್ಟುಕೊಳ್ಳಬೇಕು ಎನ್ನುವವರಿಗೆ, ಹೆಚ್ಚಾಗಿ ಹೆಡ್‌ಫೋನಿನಲ್ಲಿ ಕೇಳುವವರಾದರೆ ನ್ಯಾವಿಡ್ರೋಮನ್ನೂ, ಸ್ಪೀಕರಿನ ಮುಂದೆ ಕುಳಿತು ಕೇಳುವವರಾದರೆ ಲಿರಿಯನ್ನನ್ನೂ ಹೇಳುತ್ತೇನೆ. ಅಮ್ಮನ ಕೋಣೆಯ ಟಿ.ವಿ.ಯನ್ನು ಸಂಗೀತಕ್ಕೆ ಬಳಸುವುದನ್ನು ನಿಲ್ಲಿಸಿ ಅಲ್ಲಿಗೂ ಒಂದು ಪೈ ಇಟ್ಟಿದ್ದೇವೆ.

ಡಿಸ್ಕಿನ ಎರಡನೆಯ ಪ್ರತಿ ತಂಗಿಯ ಮನೆಯಲ್ಲಿದೆ, ಆರು ತಿಂಗಳಿಗೊಮ್ಮೆ ಅದನ್ನು ತಂದು ಹೊಸತನ್ನು ಸೇರಿಸಿ ಹಿಂತಿರುಗಿಸುತ್ತೇನೆ. ಪ್ರತಿ ಫ್ಲ್ಯಾಕ್ ಕಡತದೊಳಗೆ ಅದರ ಮೂಲಧ್ವನಿಯ ಎಂಡಿ5 ಮುದ್ರೆ (ಧ್ವನಿ ಸ್ವಲ್ಪ ಬದಲಾದರೂ ಹೊಂದಿಕೆಯಾಗದ ಒಂದು ಸಂಖ್ಯೆ) ಇರುವುದರಿಂದ, ಒಂದೇ ಆದೇಶ ಕೊಟ್ಟು ಇಡೀ ಸಂಗ್ರಹ ಕೆಡದೆ ಉಳಿದಿದೆಯೇ ಎಂದು ಪರೀಕ್ಷಿಸಬಹುದು. ಪ್ರತಿ ಬಾರಿ ಡಿಸ್ಕ್ ತಂದಾಗಲೂ ಎರಡೂ ಪ್ರತಿಗಳಿಗೆ ಈ ಪರೀಕ್ಷೆ ನಡೆಯುತ್ತದೆ. ಕಳೆದ ಬಾರಿ ಮನೆಯ ಪ್ರತಿಯಲ್ಲಿ ಎರಡು ಕಡತಗಳು ದೋಷ ತೋರಿಸಿದವು. ಒಂದು ಸಿ.ಡಿ.ಯದು, ಅದನ್ನು ಮತ್ತೆ ಪರಿವರ್ತಿಸಿಕೊಂಡೆ. ಇನ್ನೊಂದು ತಂದೆಯವರ ಕ್ಯಾಸೆಟ್ಟಿನದು, ಅದರ ಟೇಪು ಅಂಟಿಕೊಂಡು ಈಗ ಓಡುವುದಿಲ್ಲ. ಆ ನಲವತ್ತು ನಿಮಿಷಗಳನ್ನು ತಂಗಿಯ ಮನೆಯ ಪ್ರತಿಯಿಂದ ಮರಳಿ ತಂದೆ.