ಫೋನಿನಿಂದ ಕಂಪ್ಯೂಟರ್ ನಡೆಸೋಕೆ ಯಾವುದು ಹಗುರ?

ಮೊದಲು ಒಂದು ತೀರ್ಮಾನ ಮಾಡಿ: ಕಂಪ್ಯೂಟರಿನ ಪರದೆ ಫೋನಿನಲ್ಲಿ ಕಾಣಲೇಬೇಕಾ? ಬೇಕು ಅಂದ್ರೆ ವಿಎನ್‌ಸಿ ಅನ್ನೋ ದೂರ ನಿಯಂತ್ರಣದ ವ್ಯವಸ್ಥೆ. ಅದು ಪರದೆಯ ಚಿತ್ರವನ್ನೇ ಕಳಿಸುತ್ತಾ ಇರುತ್ತದೆ, ಹಾಗಾಗಿ ಡೇಟಾ, ಬ್ಯಾಟರಿ ಎರಡೂ ಜಾಸ್ತಿ ಖರ್ಚು. ಬಣ್ಣದ ಗುಣಮಟ್ಟ ಇಳಿಸಿದರೆ ಸ್ವಲ್ಪ ಉಳಿಯುತ್ತದೆ. ಅದರ 5900 ಪೋರ್ಟನ್ನು (ಸಂಪರ್ಕ ಬರುವ ಬಾಗಿಲು) ಮಾತ್ರ ನೇರವಾಗಿ ಇಂಟರ್ನೆಟ್‌ಗೆ ತೆರೆದಿಡಬೇಡಿ.

ಕಂಪ್ಯೂಟರ್ ಕಣ್ಣೆದುರೇ ಇದ್ದರೆ ಇದೆಲ್ಲ ಸುಮ್ನೆ ಭಾರ ಅಲ್ವಾ? ಫೋನು, ಕಂಪ್ಯೂಟರ್ ಎರಡರಲ್ಲೂ ಹಾಕಿಕೊಳ್ಳುವ ಕೆಡಿಇ ಕನೆಕ್ಟ್ ಆ್ಯಪ್ ಸಾಕು. ಬೆರಳು ಎಷ್ಟು ಸರಿಯಿತು, ಯಾವ ಕೀ ಒತ್ತಿದಿರಿ ಅನ್ನೋದಷ್ಟೇ ವೈಫೈನಲ್ಲಿ ಹೋಗುತ್ತದೆ. ನನಗೆ ತುಂಬಾ ಇಷ್ಟವಾದದ್ದು ಅದರ ‘ರನ್ ಕಮಾಂಡ್’. ಲಿನಕ್ಸ್ ಕಂಪ್ಯೂಟರಿನಲ್ಲಿ ಸಸ್ಪೆಂಡ್ ಕಮಾಂಡ್ ಸೇರಿಸಿ ‘ಮಲಗು’ ಅಂತ ಹೆಸರಿಡಿ. ಫೋನಿನಲ್ಲಿ ಆ ಹೆಸರು ಮುಟ್ಟಿದರೆ ಯಂತ್ರ ನಿದ್ದೆಗೆ ಜಾರುತ್ತದೆ. ಬೇಡದ ಪ್ಲಗಿನ್‌ಗಳನ್ನು (ಅದರ ಬಿಡಿ ಸೌಲಭ್ಯಗಳು) ಒಂದೊಂದಾಗಿ ಆಫ್ ಮಾಡಬಹುದು. ಉಚಿತ, ಓಪನ್ ಸೋರ್ಸ್ ಕೂಡ. ಹೆಚ್ಚಿನವರಿಗೆ ನಾನು ಹೇಳೋದು ಇದನ್ನೇ.

ಬಟನ್‌ಗಳ ಜೋಡಣೆಯೂ ನಿಮ್ಮಿಷ್ಟದಂತೆ ಬೇಕಾದರೆ ಯೂನಿಫೈಡ್ ರಿಮೋಟ್ ಅನ್ನೋ ಆ್ಯಪ್ ಒಂದು ಹೆಜ್ಜೆ ಮುಂದು. ಬಟನ್‌ಗಳ ಲೇಔಟ್ ಎಕ್ಸ್‌ಎಂಎಲ್ ಅನ್ನೋ ಮಾರ್ಕಪ್ ಭಾಷೆಯಲ್ಲಿ, ಅವು ಮಾಡುವ ಕೆಲಸ ಲುವಾ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯಬೇಕು. ಅಷ್ಟು ತಾಳ್ಮೆ ಇರಬೇಕು.

ಕಮಾಂಡ್ ಟೈಪ್ ಮಾಡಿ ರೂಢಿ ಇದ್ದವರಿಗೆ ಎಸ್‌ಎಸ್‌ಎಚ್, ಅಂದ್ರೆ ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಕಮಾಂಡ್ ಕಳಿಸುವ ದಾರಿ. ಬರೀ ಅಕ್ಷರಗಳು ಹೋಗಿಬರುವುದರಿಂದ ನಿಧಾನದ ನೆಟ್‌ನಲ್ಲೂ ಕೆಲಸ ನಡೆಯುತ್ತದೆ.