ಬೆಲ್ಲದ ಮಂಡಿಯ ಯೂಡೋರಾಗೆ ಒಂದು ಸೀರಿಯಲ್ ಕೇಬಲ್: ಮೂರು ವರ್ಷ ಬಳಸಿದ ಮೇಲೆ

ಮಂಡ್ಯದಲ್ಲಿ ನಮ್ಮ ಮಾವನವರದು ಬೆಲ್ಲದ ಮಂಡಿ. ಗಲ್ಲಾಪೆಟ್ಟಿಗೆ ಪಕ್ಕ ವಿಂಡೋಸ್ 98 ಕಂಪ್ಯೂಟರ್ ಇನ್ನೂ ಓಡುತ್ತಿದೆ. ಅದರಲ್ಲಿ ಯೂಡೋರಾ ಅನ್ನುವ ಹಳೇ ಮೇಲ್ ಪ್ರೋಗ್ರಾಂ, ಯೂಡೋರಾ ತುಂಬ ಇಪ್ಪತ್ತು ವರ್ಷದ ವ್ಯಾಪಾರದ ಮೇಲ್. ಹೊಸದು ತರೋಣ ಅಂದರೆ "ಇದ್ಕೇನ್ ಆಗ್ಬುಟ್ಟದೆ ಹೇಳಪ್ಪ?" ಅನ್ನುತ್ತಾರೆ. ಲ್ಯಾನ್ ಕಾರ್ಡ್ ಹಾಕಲು ಡಬ್ಬ ಬಿಚ್ಚೋಕೂ ಬಿಡಲಿಲ್ಲ.

ಈಗಿನ ಮೇಲ್ ಸರ್ವರ್‌ಗಳ ಎನ್‌ಕ್ರಿಪ್ಷನ್ ಆ ಹಳೇ ಯೂಡೋರಾಗೆ ಅರ್ಥವಾಗುವುದಿಲ್ಲ. ಅದಕ್ಕೇ ಪಕ್ಕದಲ್ಲಿ ಲಿನಕ್ಸ್ ಲ್ಯಾಪ್‌ಟಾಪ್ ಇಟ್ಟೆ. ಮೇಲ್ ತರುವುದು ಅದು, ಯೂಡೋರಾ ಅದರಿಂದ ಪಾಪ್3 ಅನ್ನುವ ಮೇಲ್ ಇಳಿಸುವ ಪದ್ಧತಿಯಲ್ಲಿ ಎಳೆದುಕೊಳ್ಳುತ್ತದೆ. ಎರಡರ ನಡುವೆ, ಲ್ಯಾಪ್‌ಟಾಪಿನ ಯುಎಸ್‌ಬಿಯಿಂದ ಹಳೇ ಪಿಸಿಯ ಸೀರಿಯಲ್ ಪೋರ್ಟಿಗೆ, ಈ ಯುಎಸ್‌ಬಿ-ಸೀರಿಯಲ್ ಕೇಬಲ್, ತುದಿಗೆ ನಲ್ ಮೋಡೆಮ್ ಅಡಾಪ್ಟರ್, ಅಂದರೆ ಒಂದರ ಕಳಿಸುವ ತಂತಿಯನ್ನು ಇನ್ನೊಂದರ ಪಡೆಯುವ ತಂತಿಗೆ ಅಡ್ಡ ಕೂಡಿಸುವ ತುಂಡು. ಮೊದಲು ತಂದ ಅಗ್ಗದ ಕೇಬಲ್ ಎರಡೇ ವಾರಕ್ಕೆ ಕೈಕೊಟ್ಟಿತ್ತು. ಇದು ಎಫ್‌ಟಿಡಿಐ ಕಂಪನಿಯ ಚಿಪ್ಪಿನದು, ಮೂರು ವರ್ಷವಾಯಿತು, ಒಂದು ಸಲವೂ ಸತ್ತಿಲ್ಲ.

ಆದರೆ ಶುರುವಿನಲ್ಲಿ ನಿಧಾನ ಅಂದರೆ ನಿಧಾನ. ವಿಂಡೋಸ್‌ನಲ್ಲಿ ವೇಗ ಸೆಕೆಂಡಿಗೆ 19200 ಬಿಟ್‌ನಲ್ಲಿ ಕೂತಿತ್ತು. ಒಂದು ಬೈಟ್ ಕಳಿಸಲು ಹತ್ತು ಬಿಟ್ ಬೇಕು, ಅಂದರೆ ಸೆಕೆಂಡಿಗೆ 1920 ಬೈಟ್. ಫೋಟೋ ಇರುವ 1 ಎಂಬಿ ಮೇಲ್‌ಗೆ ಒಂಬತ್ತು ನಿಮಿಷ! 115200ಕ್ಕೆ ಏರಿಸಿದರೆ ಒಂದೂವರೆ ನಿಮಿಷ ಸಾಕು. ಪಿಸಿಯ ಮಾಮೂಲಿ ಪೋರ್ಟ್ ಅದಕ್ಕಿಂತ ಮೇಲೆ ಹೋಗುವುದಿಲ್ಲ.

ಏರಿಸಿದೆ. ಮೇಲ್ ಅರ್ಧಕ್ಕೇ ನಿಲ್ಲತೊಡಗಿತು. ಬೈದಿದ್ದು ಕೇಬಲ್ಲಿಗೆ, ತಪ್ಪು ಅಡಾಪ್ಟರ್‌ದು. ಅದರಲ್ಲಿ ಮೂರೇ ತಂತಿ. ಕಳಿಸುವ, ಪಡೆಯುವ 2 ಮತ್ತು 3ನೇ ಪಿನ್ ಅಡ್ಡ ಕೂಡಿಸಿ, ಗ್ರೌಂಡ್ ಆದ 5ನ್ನು ನೇರ ಬಿಟ್ಟು ಮುಗಿಸಿದ್ದರು. 'ಸ್ವಲ್ಪ ತಡಿ' ಅಂತ ಹೇಳುವ 7, 8ನೇ ಪಿನ್ನುಗಳೇ ಇರಲಿಲ್ಲ. ಅವೂ ಅಡ್ಡ ಕೂಡಿರುವ ಅಡಾಪ್ಟರ್ ತಂದು, ಎರಡೂ ಕಡೆ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ (ಆ ಪಿನ್ನುಗಳ ಮಾತು ಕೇಳುವ ಸೆಟ್ಟಿಂಗ್) ಆನ್ ಮಾಡಿದೆ. ವಿಂಡೋಸ್‌ನಲ್ಲಿ ಬಂದ ಬೈಟ್‌ಗಳನ್ನು ಸಾಲಾಗಿ ಹಿಡಿದಿಡುವ ಫಿಫೋ ಬಫರ್‌ಗೂ ಟಿಕ್ ಹಾಕಿದೆ. ಪೋರ್ಟಿನ ಚಿಪ್ 16550 ಜಾತಿಯದಾದರೆ 16 ಬೈಟ್ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೂ ಹಳೆಯ 16450 ಆದರೆ ಒಂದೇ ಬೈಟ್, ಅದಕ್ಕೆ 115200 ಆಸೆ ಬಿಡಿ.

ಆಮೇಲೂ ಸಣ್ಣ ಸಣ್ಣ ಮೇಲ್‌ಗಳು ತಡವರಿಸುತ್ತಿದ್ದವು. ದೊಡ್ಡ ಫೈಲ್ ಸರಸರ, ಎರಡು ಸಾಲಿನ ಮೇಲ್ ಮಾತ್ರ ಎಳೆದಾಟ. ವಿಚಿತ್ರ ಅಲ್ವಾ? ಕೇಬಲ್ಲಿನ ಎಫ್‌ಟಿಡಿಐ ಚಿಪ್ ತನ್ನ ಪ್ಯಾಕೆಟ್ ತುಂಬದಿದ್ದರೆ 16 ಮಿಲಿಸೆಕೆಂಡ್ ಸುಮ್ನೆ ಕಾಯುತ್ತದೆ. ಪಾಪ್3ನಲ್ಲಿ ಪ್ರತಿ ಮೇಲ್‌ಗೂ ಒಂದು ಕೇಳಿಕೆ, ಒಂದು ಉತ್ತರ, ಹಾಗಾಗಿ ಕಾಯುವುದೂ ಜಾಸ್ತಿ. ಲಿನಕ್ಸ್‌ನಲ್ಲಿ ಈ ಕಾಯುವ ಹೊತ್ತನ್ನು (ಲೇಟೆನ್ಸಿ ಟೈಮರ್) 1 ಮಿಲಿಸೆಕೆಂಡಿಗೆ ಇಳಿಸಿದ ಮೇಲೆ ಸಲೀಸಾಯಿತು. ಕೇಬಲ್ ಕಿತ್ತು ಮತ್ತೆ ಹಾಕಿದರೆ ಅದು 16ಕ್ಕೇ ವಾಪಸ್. ಹಾಗಾಗಿ, ಸಾಧನ ಚುಚ್ಚಿದಾಗ ಏನು ಮಾಡಬೇಕೆಂದು ಲಿನಕ್ಸ್‌ಗೆ ಹೇಳುವ ಯುಡೆವ್‌ನಲ್ಲಿ ಒಂದು ಸಾಲು ಬರೆದಿಟ್ಟಿದ್ದೇನೆ.

ದೂರು ಒಂದೇ. ಕೇಬಲ್ಲಿಗೂ ಅಡಾಪ್ಟರಿಗೂ ಎರಡೂ ಕಡೆ ಸ್ಕ್ರೂ, ಒಂದಕ್ಕೊಂದು ಬಿಗಿಯುವುದೇ ಇಲ್ಲ. ಬೆಳಿಗ್ಗೆ ಕಸ ಗುಡಿಸುವಾಗ ಪೊರಕೆ ತಾಗಿ ಕಳಚುತ್ತಿತ್ತು. "ಮೇಲ್ ಬತ್ತಾ ಇಲ್ಲ" ಅಂತ ಮಾವನ ಫೋನ್. ಈಗ ಬೆಲ್ಲದ ಪಿಂಡಿ ಕಟ್ಟುವ ದಾರದಲ್ಲೇ ಅವರು ಬಿಗಿದು ಕಟ್ಟಿದ್ದಾರೆ.