ಜಿಎನ್‌ಎಂ ಆದಮೇಲೆ ಬಿಎಸ್ಸಿ: ಕಾಲೇಜಿಗೆ ಹೋಗೋದಾ, ಇಗ್ನೋ ಸೇರೋದಾ?

ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ ಮುಗಿಸಿ ವಾರ್ಡಿನಲ್ಲಿ ಪಳಗಿದವರಿಗೆ ಪದವಿಗೆ ಎರಡು ದಾರಿ ಇವೆ. ಎರಡೂ ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗೇ, ಅಂದರೆ ಡಿಪ್ಲೊಮಾ ಆದ ನರ್ಸ್‌ಗಳಿಗೆಂದೇ ಇರುವ ಪದವಿ.

ರಾಜೀವ್ ಗಾಂಧಿ ಆರೋಗ್ಯ ವಿವಿಯ ಕಾಲೇಜು ಸೇರಿದರೆ 2 ವರ್ಷ. ಪೂರ್ತಿ ಹೊತ್ತಿನ ಓದು. ಆಸ್ಪತ್ರೆ ಪೋಸ್ಟಿಂಗ್, ಕ್ಲಾಸು, ರಾತ್ರಿ ಕೂತು ಕೇರ್ ಪ್ಲಾನ್ (ರೋಗಿಯ ಆರೈಕೆಯ ಯೋಜನೆ) ಬರೆಯೋದು. ಕೆಲಸ ಬಿಡಬೇಕು, ಇಲ್ಲವೇ ರಜೆ ಹಾಕಬೇಕು. ಸಂಬಳ ನಿಂತರೆ ಮನೆ ನಡೆಯುತ್ತದಾ ಅಂತ ಮೊದಲು ಲೆಕ್ಕ ಹಾಕಿ, ಫೀಸು ಆಮೇಲಿನ ಮಾತು.

ದೂರಶಿಕ್ಷಣ ಕೊಡುವ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿವಿ, ಅಂದರೆ ಇಗ್ನೋದಲ್ಲಿ ಕನಿಷ್ಠ 3 ವರ್ಷ. ಕೆಲಸದಲ್ಲಿರುವ ನೋಂದಾಯಿತ ನರ್ಸ್‌ಗಳಿಗೆ ಮಾತ್ರ ಸೀಟು, ಪ್ರವೇಶ ಪರೀಕ್ಷೆಯೂ ಇದೆ. ಸಂಬಳ ನಿಲ್ಲುವುದಿಲ್ಲ. ಹಾಗಂತ ಸುಮ್ನೆ ಮನೇಲಿ ಕೂತು ಓದೋ ಕೋರ್ಸ್ ಅಲ್ಲ. ಅಸೈನ್‌ಮೆಂಟ್ ಬರೆಯಬೇಕು, ಅಧ್ಯಯನ ಕೇಂದ್ರದ ಪ್ರಾಕ್ಟಿಕಲ್‌ಗೆ ಹೋಗಲೇಬೇಕು. ನೈಟ್ ಡ್ಯೂಟಿ ಮುಗಿಸಿ ನಿದ್ದೆಗಣ್ಣಲ್ಲೇ ಬಸ್ ಹತ್ತುವ ದಿನಗಳೂ ಬರುತ್ತವೆ. ಡ್ಯೂಟಿ ಹಾಕುವ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಮೊದಲೇ ಮಾತಾಡಿಕೊಳ್ಳಿ.

ಎಂಎಸ್ಸಿ ಮಾಡಿ ಪಾಠ ಹೇಳುವ ಆಸೆ ಇದ್ದು, ಮನೆ ಖರ್ಚಿಗೆ ಬೇರೆ ಆಸರೆಯೂ ಇದ್ದರೆ ಕಾಲೇಜೇ ವಾಸಿ. ಒಂದು ವರ್ಷ ಉಳಿಯುತ್ತದೆ. ಎಂಎಸ್ಸಿಗೆ ಬೇಕಾದ 1 ವರ್ಷದ ಅನುಭವಕ್ಕೆ ನಿಮ್ಮ ಹಳೆಯ ಕೆಲಸವೂ ಲೆಕ್ಕಕ್ಕೆ ಬರುತ್ತದೆ. ಸಂಬಳವೇ ಮನೆಗೆ ಆಧಾರ ಅನ್ನುವವರು ಇಗ್ನೋ ನೋಡಿ. ಆದರೆ ಅಧ್ಯಯನ ಕೇಂದ್ರ ಎಷ್ಟು ದೂರ ಅಂತ ಮೊದಲೇ ವಿಚಾರಿಸಿ.